ಡಿಸೆಂಬರಿನಲ್ಲಿ ಹುಲಿಕಲ್ ಮಳೆ, ಮತ್ತು ಸೆಟ್ಟಿಂಗ್ಸ್ ಎಂಬ ಕಾಡು

ದೀಪಾವಳಿಗೆ ಊರಿಗೆ ಹೋಗಿದ್ದೆ. ಕೈಕಾಲು ತೊಳೆದು ಕೂತು ಇನ್ನೂ ಕಾಫಿ ಮುಗಿದಿರಲಿಲ್ಲ, ಅಪ್ಪಯ್ಯ ಲ್ಯಾಪ್‌ಟಾಪ್ ತಂದು ಮುಂದಿಟ್ಟ. "ಇದೆಂತ ಮಾರಾಯ, ನೋಡು ಸ್ವಲ್ಪ. ಡಿಸೆಂಬರ್ ಆರನೇ ತಾರೀಖು ಇನ್ನೂರು ಮಿಲಿಮೀಟರ್ ಮಳೆ ಬಂದಿದೆ ಅಂತ ತೋರಿಸ್ತದೆ. ಡಿಸೆಂಬರ್ ಇನ್ನೂ ಬರಲೇ ಇಲ್ಲವಲ್ಲ!"

ನಮ್ಮ ಕಡೆಯ ಮಳೆ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಹುಲಿಕಲ್ ಅಂದ್ರೆ ಹೊಸನಗರ ತಾಲ್ಲೂಕಿನ ತುದಿ, ಅಲ್ಲಿಂದ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಮಳೆ ಅಂದಕೂಡಲೇ ಎಲ್ಲರೂ ಆಗುಂಬೆ ಹೆಸರು ಹೇಳ್ತಾರೆ. ಆಗುಂಬೆಗಿಂತ ಹುಲಿಕಲ್ಲಿನಲ್ಲೇ ಹೆಚ್ಚು ಮಳೆ ಬಿದ್ದ ವರ್ಷಗಳಿವೆ, ಆದರೆ ನಮಗೆ ಆಗುಂಬೆಯಷ್ಟು ಪ್ರಚಾರ ಇಲ್ಲ, ಸೂರ್ಯಾಸ್ತವೂ ಇಲ್ಲ :-) ಆ ಕಾರಣಕ್ಕೋ ಏನೋ ಈ ಭಾಗದ ಹಳೇ ಮನೆಗಳಲ್ಲಿ ಮಳೆ ಅಳೆಯೋ ಅಭ್ಯಾಸ ಒಂದು ತರಹದ ವ್ರತ. ನಮ್ಮ ಮನೆಯಲ್ಲಿ ಅದನ್ನು ಶುರುಮಾಡಿದ್ದು ಅಜ್ಜ. ಈಗ ಅಪ್ಪಯ್ಯ. ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯೋ ಅದೇ ಹೊತ್ತಿಗೆ, ಕೊಡೆ ಹಿಡಿದು ಅಂಗಳಕ್ಕೆ ಹೋಗಿ ಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆಯೋದು. ಪಕ್ಕದಲ್ಲಿ ಒಂದು ಸಾಲು ಷರಾ: "ರಾತ್ರಿ ಇಡೀ ಗಾಳಿ", "ಮೇಲಿನ ತೋಟಕ್ಕೆ ಕೊಳೆ ಔಷಧಿ ಹೊಡೆದಿದ್ದು", "ಕರೆಂಟ್ ಇಲ್ಲ, ಮೂರನೇ ದಿನ". (ಘಾಟಿಯ ಬುಡದಲ್ಲೇ 460 ಮೆಗಾವಾಟಿನ ವಾರಾಹಿ ಭೂಗರ್ಭ ವಿದ್ಯುದಾಗಾರ ಇದೆ. ಈ ಷರಾ ಓದುವಾಗೆಲ್ಲ ಅದು ನೆನಪಾಗುತ್ತೆ. ಇರಲಿ.)

ಈ ಸಲ ಅಪ್ಪಯ್ಯನಿಗೆ ನಾನೇ ಹುಚ್ಚು ಹಿಡಿಸಿದ್ದೆ. ಪುಸ್ತಕದಲ್ಲಿ ಬರೆದದ್ದನ್ನು ಕಂಪ್ಯೂಟರಿಗೂ ಹಾಕು, ವರ್ಷ ವರ್ಷ ಹೋಲಿಸಬಹುದು, ಗ್ರಾಫ್ ಬರುತ್ತೆ ಅಂತೆಲ್ಲ. ಅರವತ್ತು ದಾಟಿದ ಮನುಷ್ಯ ಕನ್ನಡ ಟೈಪ್ ಮಾಡೋದು ಕಲಿತು, ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ ಒಂದು ದಿನ ತಪ್ಪಿಸದೆ 122 ಸಾಲು ತುಂಬಿಸಿದ್ದ. ಆಮೇಲೆ ಗ್ರಾಫ್ ಹಾಕಿದ. ಗ್ರಾಫಿನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಪ್ರತಿ ತಿಂಗಳೂ 6, 7, 8, 9ನೇ ತಾರೀಖು ಮಾತ್ರ ಮಳೆ! ಉಳಿದ ದಿನವೆಲ್ಲ ಒಣ.

ಸಾಫ್ಟ್‌ವೇರ್ ಕೆಲಸ ಮಾಡೋ ನಿಮ್ಮಲ್ಲಿ ಕೆಲವರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತೆ. ಆ ಯಂತ್ರದಲ್ಲಿ ದಿನಾಂಕದ ಕ್ರಮ ಅಮೆರಿಕದ್ದು. ತಿಂಗಳು ಮೊದಲು, ದಿನ ಆಮೇಲೆ. ಅಪ್ಪಯ್ಯ 12/6 ಅಂತ ಹೊಡೆದರೆ ಅದಕ್ಕೆ ಡಿಸೆಂಬರ್ 6. 13/6 ಅಂತ ಹೊಡೆದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದು ದಿನಾಂಕವೇ ಅಲ್ಲ, ಬರೀ ಅಕ್ಷರ. ಲೆಕ್ಕ ಹಾಕಿ ನೋಡಿದೆ. 122 ಸಾಲಿನಲ್ಲಿ 74 ಅಕ್ಷರವಾಗಿ ಕೂತಿದ್ದವು, ಗ್ರಾಫಿಗೆ ಬರಲೇ ಇಲ್ಲ. 44 ಬೇರೆ ಯಾವುದೋ ತಿಂಗಳಿಗೆ ಹಾರಿಹೋಗಿದ್ದವು. ಸರಿಯಾಗಿದ್ದದ್ದು ನಾಲ್ಕೇ ನಾಲ್ಕು: 6/6, 7/7, 8/8, 9/9.

ಒಂದೇ ಒಂದು ಕಡೆಯೂ ಯಂತ್ರ ತಕರಾರು ಎತ್ತಿರಲಿಲ್ಲ. ಹದಿಮೂರನೇ ತಾರೀಖಿನಿಂದ ಅಂಕಿಗಳು ಚೌಕದ ಬಲಗಡೆಯಿಂದ ಎಡಗಡೆಗೆ ಸರಿದು ಕೂತಿದ್ದವು, ಅಷ್ಟೇ ಸೂಚನೆ. ಅದನ್ನು ಅಪ್ಪಯ್ಯ ಗಮನಿಸಿದ್ದ ಕೂಡ. "ಜಾಗ ಸಾಲಲಿಲ್ಲವೇನೋ ಅಂತ ಮಾಡಿದೆ" ಅಂದ.

ಯಾವ ಕಂಪ್ಯೂಟರ್, ಯಾವ ಸಾಫ್ಟ್‌ವೇರ್ ಅಂತ ಹೆಸರು ಹೇಳೋದಿಲ್ಲ. ಈ ವಿಷಯದಲ್ಲಿ ಒಬ್ಬರನ್ನು ಹಿಡಿದು ಬೈಯೋದು ಅನ್ಯಾಯ, ಎಲ್ಲ ಮನೆ ದೋಸೆಯೂ ತೂತೇ. ನನಗೆ ಕಾಡಿದ್ದು ಬೇರೆ. ಸರಿಮಾಡೋಣ ಅಂತ ಕೂತರೆ, ಈ ಕೆಲಸವನ್ನೇ ಮಾಡಿ ಅನ್ನ ತಿನ್ನೋ ನನಗೆ ಮುಕ್ಕಾಲು ಗಂಟೆ ಬೇಕಾಯಿತು. ಯಾಕೆ ಅಂದರೆ 'ದಿನಾಂಕ' ಅನ್ನೋ ಒಂದು ವಿಷಯ ಒಂದು ಕಡೆ ಇಲ್ಲ. 'ದಿನಾಂಕ ಮತ್ತು ಸಮಯ' ಅಂತ ಒಂದು ಪುಟ ಇದೆ, ಯಾರೇ ಆದರೂ ಮೊದಲು ಹೋಗೋದು ಅಲ್ಲಿಗೇ. ಅಲ್ಲಿ ಗಡಿಯಾರ ಸರಿಮಾಡಬಹುದು, ಟೈಮ್ ಝೋನ್ ಬದಲಿಸಬಹುದು, ದಿನಾಂಕದ ಕ್ರಮ ಮಾತ್ರ ಇಲ್ಲ. ಅದು 'ಭಾಷೆ ಮತ್ತು ಪ್ರದೇಶ'ದ ಒಳಗೆ, ಅದರೊಳಗೆ 'ಫಾರ್ಮ್ಯಾಟ್' ಅನ್ನೋದರ ಒಳಗೆ. ಅಲ್ಲಿ ಬದಲಾಯಿಸಿದರೂ ಲಾಗ್ ಔಟ್ ಆಗಿ ಬರಬೇಕು. ಬಂದರೂ ಸ್ಪ್ರೆಡ್‌ಶೀಟಿಗೆ ಅದರದ್ದೇ ಆದ ಪ್ರತ್ಯೇಕ ಭಾಷೆ-ಪ್ರದೇಶ ಇರುತ್ತೆ, ಅದನ್ನು ಇನ್ನೊಂದು ಸಲ ಬದಲಿಸಬೇಕು. ಲಿಬ್ರೆ ಆಫೀಸಿನಲ್ಲಂತೂ 'ಡೇಟ್ ಆಕ್ಸೆಪ್ಟೆನ್ಸ್ ಪ್ಯಾಟರ್ನ್ಸ್' ಅಂತ ಒಂದು ಪುಟ್ಟ ಪೆಟ್ಟಿಗೆ ಇದೆ. ನಾವು ಟೈಪ್ ಮಾಡಿದ ಯಾವ ರೂಪವನ್ನು ದಿನಾಂಕ ಅಂತ ಒಪ್ಪಬೇಕು ಅಂತ ಅಲ್ಲಿ ಬರೆಯಬಹುದು. ನಿಜವಾಗಿ ಒಳ್ಳೇ ಸೌಲಭ್ಯ. ಇದೆ ಅಂತ ಗೊತ್ತಿರೋರು ಎಷ್ಟು ಜನ? ಗೂಗಲ್ ಶೀಟ್ಸಿನಲ್ಲಿ ಇನ್ನೂ ಮಜಾ, ಅಲ್ಲಿ ಪ್ರದೇಶ ಅನ್ನೋದು ಪ್ರತಿ ಫೈಲಿಗೂ ಬೇರೆ ಬೇರೆ.

ಇಷ್ಟರ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಆ ಲ್ಯಾಪ್‌ಟಾಪಿನಲ್ಲಿ ಟೈಮ್ ಝೋನ್ ಕೋಲ್ಕತಾ ಅಂತಲೇ ಇತ್ತು. ಕೀಲಿಮಣೆಯಲ್ಲಿ ಕನ್ನಡ ಇತ್ತು. ಅಂದ್ರೆ ತಾನು ಭಾರತದಲ್ಲಿದ್ದೇನೆ, ತನ್ನ ಯಜಮಾನ ಕನ್ನಡದವನು ಅಂತ ಯಂತ್ರಕ್ಕೆ ಗೊತ್ತಿತ್ತು. ಆದರೂ ತಾರೀಖನ್ನು ಮಾತ್ರ ಅಮೆರಿಕದವರ ಹಾಗೆ ಓದಿತು. ಪೇಟೆಯಲ್ಲಿ ಅದನ್ನು ಹೊಂದಿಸಿಕೊಟ್ಟವರು ಮೊದಲ ಪರದೆಯಲ್ಲಿ ನೆಕ್ಸ್ಟ್ ನೆಕ್ಸ್ಟ್ ಒತ್ತಿರಬೇಕು. ಅವರದ್ದೇನು ತಪ್ಪು, ನಾವೂ ಅದನ್ನೇ ಮಾಡ್ತೇವೆ.

ಅಪ್ಪಯ್ಯ ಮಾತ್ರ ತೀರ್ಮಾನಕ್ಕೆ ಬಂದಾಗಿತ್ತು. "ನಂದೇ ತಪ್ಪು ಕಣಾ, ನಂಗೆ ಸರಿಯಾಗಿ ಹೊಡೆಯಲು ಬರಲಿಲ್ಲ." ಇದನ್ನು ಕೇಳಿದಾಗ ನನಗೆ ನಿಜವಾಗಿ ಬೇಜಾರಾಯಿತು. ನಲವತ್ತು ವರ್ಷದಿಂದ ಒಂದು ದಿನವೂ ತಾರೀಖು ತಪ್ಪದೆ ಬರೆದವನು!

---

ಸೆಟ್ಟಿಂಗ್ಸ್ ಪುಟ ಹೇಗಿರಬೇಕು ಅನ್ನೋದು ಹೊಸ ಜಗಳ ಅಲ್ಲ. 1984ರ ಮೊದಲ ಮ್ಯಾಕಿಂಟಾಷಿನ ಕಂಟ್ರೋಲ್ ಪ್ಯಾನೆಲ್ ಚಿತ್ರ ಸಿಕ್ಕಿದರೆ ನೋಡಿ. ಇಡೀ ಯಂತ್ರದ ಸೆಟ್ಟಿಂಗ್ಸ್ ಒಂದೇ ಸಣ್ಣ ಕಿಟಕಿಯಲ್ಲಿ, ಪದಗಳೇ ಇಲ್ಲ ಅನ್ನುವಷ್ಟು ಕಡಿಮೆ. ಕೀಲಿ ಒತ್ತಿ ಹಿಡಿದಾಗ ಅಕ್ಷರ ಎಷ್ಟು ಬೇಗ ಮರುಕಳಿಸಬೇಕು ಅನ್ನೋದಕ್ಕೆ ಒಂದು ಕಡೆ ಆಮೆ, ಇನ್ನೊಂದು ಕಡೆ ಮೊಲ. ನಮ್ಮ ಅಪ್ಪಯ್ಯನಿಗೆ ಅದು ಅರ್ಧ ನಿಮಿಷದಲ್ಲಿ ಅರ್ಥವಾಗ್ತಿತ್ತು. ಆದರೆ ಆಗ ಆ ಯಂತ್ರ ಮಾಡಬಹುದಾದದ್ದೂ ಅಷ್ಟೇ ಇತ್ತು ಅನ್ನಿ.

ಆಮೇಲೆ ಬೆಳೆದದ್ದು ಕಾಡು. ವಿಂಡೋಸಿನ ಕಂಟ್ರೋಲ್ ಪ್ಯಾನೆಲ್ 1985ರ ಮೊದಲ ಆವೃತ್ತಿಯಿಂದಲೂ ಇದೆ. ಎಕ್ಸ್‌ಪಿ ಹೊತ್ತಿಗೆ ಅದರಲ್ಲಿ ಎಷ್ಟು ಐಕಾನ್ ತುಂಬಿದ್ದವು ಅಂದ್ರೆ, ಅವನ್ನು ವಿಭಾಗ ಮಾಡಿ ತೋರಿಸೋ 'ಕ್ಯಾಟಗರಿ ವ್ಯೂ' ಅಂತ ಹೊಸದೊಂದು ತಂದರು, ಜೊತೆಗೆ ಹಳೆಯದು ಬೇಕಾದರೆ ಅದಕ್ಕೊಂದು 'ಕ್ಲಾಸಿಕ್ ವ್ಯೂ'. 2012ರಲ್ಲಿ ವಿಂಡೋಸ್ 8 ಬಂದಾಗ ಕಂಟ್ರೋಲ್ ಪ್ಯಾನೆಲ್ ಪಕ್ಕದಲ್ಲೇ ಇನ್ನೊಂದು ಸೆಟ್ಟಿಂಗ್ಸ್ ಕಟ್ಟಿದರು. ಹಳೇ ಮನೆಯಿಂದ ಹೊಸ ಮನೆಗೆ ಸಾಮಾನು ಸಾಗಿಸೋ ಕೆಲಸ 2021ರಲ್ಲಿ ವಿಂಡೋಸ್ 11 ಬರುವಾಗಲೂ ಮುಗಿದಿರಲಿಲ್ಲ. ಹೊಸ ಪುಟದಲ್ಲಿ ನಾಲ್ಕು ಸಲ ಒಳಗೆ ಹೋದ ಮೇಲೆ ಇದ್ದಕ್ಕಿದ್ದಂತೆ ಇಪ್ಪತ್ತು ವರ್ಷ ಹಳೇ ಡಬ್ಬ ತೆರೆದುಕೊಳ್ಳುತ್ತೆ. ಆಪಲ್‌ನವರೂ 2022ರ ವೆಂಚುರಾದಲ್ಲಿ 'ಸಿಸ್ಟಮ್ ಪ್ರಿಫರೆನ್ಸಸ್' ತೆಗೆದು ಫೋನಿನ ತರಹದ ಉದ್ದ ಪಟ್ಟಿ ಮಾಡಿದರು, ಬೈಸಿಕೊಂಡರು.

ಮುಕ್ತ ತಂತ್ರಾಂಶದ ಕಡೆ ಈ ಜಗಳ ಸಿದ್ಧಾಂತದ ಮಟ್ಟಕ್ಕೇ ಹೋಯಿತು. ಗ್ನೋಮ್‌ನ ಹ್ಯಾವೊಕ್ ಪೆನ್ನಿಂಗ್ಟನ್ 2002ರಲ್ಲಿ ಒಂದು ಪ್ರಬಂಧ ಬರೆದರು. ಸಾರ ಇಷ್ಟು: ಪ್ರತಿ ಆಯ್ಕೆಗೂ ಒಂದು ಬೆಲೆ ಇದೆ. ಆಯ್ಕೆ ಜಾಸ್ತಿಯಾದಷ್ಟೂ ಬೇಕಾದದ್ದು ಸಿಗೋದಿಲ್ಲ, ಎಲ್ಲ ಜೋಡಣೆಗಳನ್ನೂ ಪರೀಕ್ಷೆ ಮಾಡೋಕೂ ಆಗೋದಿಲ್ಲ. ಇದು ಸುಳ್ಳಲ್ಲ. ಬರೀ ಇಪ್ಪತ್ತು ಸ್ವಿಚ್ ಇದ್ದರೆ 10,48,576 ಜೋಡಣೆ ಆಗುತ್ತೆ. ಇನ್ನೊಂದು ಕಡೆ ಕೆಡಿಇಯವರು, ಬೇಕಾದ್ದೆಲ್ಲ ಇರಲಿ ಅನ್ನೋರು. 2005ರ ಡಿಸೆಂಬರಿನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗ್ನೋಮ್‌ನವರಿಗೆ ಬಹಿರಂಗವಾಗಿ ಬೈದು, ಕೆಡಿಇ ಬಳಸಿ ಅಂತ ಜನರಿಗೆ ಹೇಳಿದ್ದು ದೊಡ್ಡ ಗಲಾಟೆಯಾಗಿತ್ತು.

ನಾನು ಓದಿನ ದಿನಗಳಲ್ಲಿ ಪೂರ್ತಿ ಪೆನ್ನಿಂಗ್ಟನ್ ಪಕ್ಷದವನಾಗಿದ್ದೆ. ಆಯ್ಕೆ ಕಡಿಮೆ ಮಾಡು, ಡೀಫಾಲ್ಟ್ ಸರಿ ಇಡು, ಮುಗಿಯಿತು. ಈಗ ಅರ್ಧ ಬದಲಾಗಿದ್ದೇನೆ. ಆ ವಾದದಲ್ಲಿ 'ಸರಿಯಾದ ಡೀಫಾಲ್ಟ್' ಅನ್ನೋ ಮಾತು ಬಹಳ ಸಲೀಸಾಗಿ ಬಂದುಹೋಗುತ್ತೆ. ಯಾರ ಡೀಫಾಲ್ಟು ಸ್ವಾಮಿ? ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್) ಅನ್ನೋದು ಯಾವನೋ ಒಬ್ಬನ ಊರಿನ ಪದ್ಧತಿ, ಅವನಿಗೆ ಆ ಪುಟ ತೆರೆಯೋ ಪ್ರಸಂಗವೇ ಬರೋದಿಲ್ಲ. ಹಾಗಾಗಿ ಭಾಷೆ-ಪ್ರದೇಶದ ಪುಟ ಯಾವಾಗಲೂ ವಿನ್ಯಾಸಕಾರರ ಕೊನೇ ಚಿಂತೆ. ವಾಲ್‌ಪೇಪರ್ ಬದಲಾಯಿಸೋದು ಎರಡು ಕ್ಲಿಕ್. ತಾಯ್ನುಡಿಯಲ್ಲಿ ಬರೆಯೋದು ಏಳು.

ಕನ್ನಡದ ಮಟ್ಟಿಗೆ ಇದರ ಇತಿಹಾಸ ನಿಮಗೆ ನಾನು ಹೇಳಬೇಕಾಗಿಲ್ಲ. ಎಕ್ಸ್‌ಪಿಯಲ್ಲಿ ಕನ್ನಡ ಇತ್ತು, ತುಂಗಾ ಫಾಂಟ್ ಇತ್ತು. ಆದರೆ ಕಾಣಿಸ್ತಿರಲಿಲ್ಲ. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಇಲ್ಲವೇ ಸಾಲಾಗಿ ಡಬ್ಬಗಳು. ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಶನ್ಸಿಗೆ ಹೋಗಿ, ಲ್ಯಾಂಗ್ವೇಜಸ್ ಅನ್ನೋ ಎರಡನೇ ಟ್ಯಾಬಿನಲ್ಲಿ "ಇನ್‌ಸ್ಟಾಲ್ ಫೈಲ್ಸ್ ಫಾರ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂಡ್ ರೈಟ್-ಟು-ಲೆಫ್ಟ್ ಲ್ಯಾಂಗ್ವೇಜಸ್ (ಇನ್‌ಕ್ಲೂಡಿಂಗ್ ಥಾಯ್)" ಅನ್ನೋ ಚೌಕಕ್ಕೆ ಟಿಕ್ ಹಾಕಬೇಕಿತ್ತು. ಹಾಕಿದರೆ ವಿಂಡೋಸ್ ಸೀಡಿ ಕೇಳ್ತಿತ್ತು. ಆಮೇಲೆ ರೀಸ್ಟಾರ್ಟ್. ನಾನು ಆಗ ಪ್ರೈಮರಿ ಶಾಲೆ ಹುಡುಗ, ಇದನ್ನೆಲ್ಲ ಅನುಭವಿಸಿದವರು ನನಗಿಂತ ಹಿರಿಯ ಬ್ಲಾಗಿಗರು. ಆದರೆ ಆ ವಾಕ್ಯವನ್ನು ಒಂದು ಸಲ ವಿನ್ಯಾಸದ ದೃಷ್ಟಿಯಿಂದ ನೋಡಿ. ಅದರಲ್ಲಿ ಕನ್ನಡ ಅನ್ನೋ ಪದ ಎಲ್ಲಿದೆ? ಕನ್ನಡ ಬಲದಿಂದ ಎಡಕ್ಕೆ ಬರೆಯೋ ಭಾಷೆಯಲ್ಲ, ಥಾಯ್ ಅಂತೂ ಅಲ್ಲವೇ ಅಲ್ಲ. ನಮ್ಮ ಲಿಪಿಯನ್ನು ಆ ವ್ಯವಸ್ಥೆ ಒಳಗೆ ಹೇಗೆ ಸಂಸ್ಕರಿಸುತ್ತೆ ಅನ್ನೋದರ ವಿಭಾಗ ಅದು, ಅದನ್ನೇ ಹಾಗೇ ಎತ್ತಿ ಪರದೆ ಮೇಲೆ ಇಟ್ಟಿದ್ದರು. ತನ್ನ ಭಾಷೆ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಅಂತ ಯಾವ ಕನ್ನಡಿಗನಿಗೆ ಗೊತ್ತಿತ್ತು? ವಿಸ್ಟಾ ಬಂದಮೇಲೆ ಈ ಚೌಕವೇ ಹೋಯಿತು, ಎಲ್ಲ ಲಿಪಿಗಳೂ ಮೊದಲೇ ಇರುತ್ತಿದ್ದವು. ನೋಡಿ, ಇಲ್ಲಿ ಪೆನ್ನಿಂಗ್ಟನ್ ಸರಿ. ಅದು ಇರಲೇಬಾರದಾಗಿದ್ದ ಸೆಟ್ಟಿಂಗು.

ಕೀಲಿಮಣೆಯ ಕಥೆ ಉಲ್ಟಾ. ಅಲ್ಲಿ ಆಯ್ಕೆ ಬೇಕೇ ಬೇಕು. ಕೆ.ಪಿ. ರಾವ್ ವಿನ್ಯಾಸದ ಕಗಪ ಹೊಡೆಯೋರು ಒಬ್ಬರು, ಇನ್‌ಸ್ಕ್ರಿಪ್ಟ್ ಕಲಿತವರು ಒಬ್ಬರು, ಬರಹದ ರೀತಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯೋರು ಇನ್ನೊಬ್ಬರು. ವಿಂಡೋಸಿಗೆ ಕನ್ನಡದ ಫೊನೆಟಿಕ್ ಕೀಲಿಮಣೆ ತನ್ನದೇ ಆಗಿ ಬಂದದ್ದು 2019ರ ಮೇ ಅಪ್‌ಡೇಟಿನಲ್ಲಿ. ಗ್ನೋಮಿನಲ್ಲಿ ಕಗಪ ವರ್ಷಗಳಿಂದ ಇದೆ, ಆದರೆ ಇನ್‌ಪುಟ್ ಸೋರ್ಸ್ ಸೇರಿಸೋಕೆ ಹೋದರೆ ಮೊದಲು ಬರೋ ಪುಟ್ಟ ಪಟ್ಟಿಯಲ್ಲಿ ಕನ್ನಡ ಸಿಗದೇ ಹೋಗಬಹುದು. ಕೆಳಗೆ ಮೂರು ಚುಕ್ಕಿ ಇದೆ, ಅದನ್ನು ಒತ್ತಬೇಕು. ಮೂರು ಚುಕ್ಕಿ ಒಂದು ಗುಂಡಿ ಅಂತ ಗೊತ್ತಿರಬೇಕು ಮೊದಲು! ಅಷ್ಟಾದರೂ ಕೆಲವು ಪದ್ಧತಿಗಳು ಪಟ್ಟಿಗೆ ಬರೋದಿಲ್ಲ. 'ಶೋ ಆಲ್ ಸೋರ್ಸಸ್' ಅನ್ನೋ ಒಂದು ಕೀಲಿ ಇದೆ, ಅದನ್ನು ಟರ್ಮಿನಲ್ಲಿನಲ್ಲೋ ಡಿಕಾನ್ಫ್ ಎಡಿಟರಿನಲ್ಲೋ ತಿರುಗಿಸಬೇಕು. ಎಲ್ಲ ತೋರಿಸು ಅನ್ನೋ ಸೆಟ್ಟಿಂಗನ್ನೇ ಬಚ್ಚಿಟ್ಟಿದ್ದಾರೆ, ತಮಾಷೆ ಅಲ್ಲವಾ?

ನನ್ನ ತಕರಾರು ಬಚ್ಚಿಡೋದರ ಬಗ್ಗೆ ಅಲ್ಲ. ಎಲ್ಲವನ್ನೂ ಮುಂದಿಟ್ಟರೆ ಯಾರಿಗೂ ಏನೂ ಸಿಗೋದಿಲ್ಲ, ಒಪ್ಪಿದೆ. ಆದರೆ ಏನನ್ನು ಬಚ್ಚಿಡಬಹುದು ಅನ್ನೋದನ್ನ ಎಣಿಕೆಯಿಂದ ತೀರ್ಮಾನ ಮಾಡಬಾರದು. ಜಗತ್ತಿನ ಡೆಸ್ಕ್‌ಟಾಪ್ ಬಳಕೆದಾರರಲ್ಲಿ ಕನ್ನಡ ಕೀಲಿಮಣೆ ಬೇಕಾದವರು ಲೆಕ್ಕಕ್ಕೆ ಬಾರದಷ್ಟು ಕಡಿಮೆ ಇರಬಹುದು. ಬೇಕಾದವನಿಗೆ ಮಾತ್ರ ಅದಿಲ್ಲದಿದ್ದರೆ ಯಂತ್ರವೇ ಇಲ್ಲ. ಕಿಟಕಿಯ ನೆರಳು ಎಷ್ಟು ದಪ್ಪ ಇರಬೇಕು ಅನ್ನೋದನ್ನ ಹತ್ತು ಲಕ್ಷ ಜನ ಬದಲಿಸಬಹುದು, ಅದಿಲ್ಲದಿದ್ದರೆ ಯಾರೂ ಸಾಯೋದಿಲ್ಲ.

ನಮ್ಮ ಮಲೆನಾಡಿನ ಹಳೇ ಮನೆಗಳ ಸ್ವಿಚ್‌ಬೋರ್ಡ್ ನೋಡಿದ್ದೀರಾ? ಜಗಲಿಯ ಮೂಲೆಯಲ್ಲಿ ಎಂಟು ಹತ್ತು ಸ್ವಿಚ್ ಒಂದೇ ಸಾಲಿಗೆ. ಒಂದರ ಮೇಲೂ ಹೆಸರಿಲ್ಲ. ಮನೆಯವರಿಗೆ ಕತ್ತಲಲ್ಲೂ ಕೈ ಸರಿಯಾಗಿ ಹೋಗುತ್ತೆ. ನೆಂಟರು ಬಂದರೆ ಅಂಗಳದ ದೀಪ ಹಾಕೋಕೆ ಹೋಗಿ ಕೊಟ್ಟಿಗೆ ದೀಪ, ಫ್ಯಾನು, ಎಲ್ಲ ಹಾಕಿ ಆರಿಸಿ ನಾಚಿಕೊಳ್ತಾರೆ. ಬೋರ್ಡ್ ಹಾಗೆ ಯಾಕಿದೆ ಅಂದರೆ ವೈರ್ ಬಂದ ಕ್ರಮದಲ್ಲಿ ಜೋಡಿಸಿದ್ದು, ದೀಪ ಇರೋ ಕ್ರಮದಲ್ಲಲ್ಲ. ಸೆಟ್ಟಿಂಗ್ಸ್ ಪುಟಗಳೂ ಹಾಗೇ. ಗಡಿಯಾರ ನೋಡಿಕೊಳ್ಳೋ ತಂಡ ಒಂದು, ಭಾಷೆಯ ತಂಡ ಇನ್ನೊಂದು, ಅದಕ್ಕೆ ತಾರೀಖು ಎರಡು ಪಾಲಾಯಿತು. ನಾನೂ ಈ ಪಾಪ ಮಾಡಿದ್ದೇನೆ. ಕೆಲಸದಲ್ಲಿ ಒಂದು ಸೆಟ್ಟಿಂಗ್ಸ್ ಪರದೆ ಬರೆಯುವಾಗ ವಿಭಾಗಗಳ ಹೆಸರನ್ನು ನಮ್ಮ ಕೋಡಿನ ಫೋಲ್ಡರುಗಳಿಂದ ಎತ್ತಿ ಹಾಗೇ ಹಾಕಿದ್ದೆ. ಎರಡು ಗುಂಪಿನವರಿಗೆ ಒಂದು ವಿಷಯದಲ್ಲಿ ಒಮ್ಮತ ಬರಲಿಲ್ಲ, 'ಹಾಗಾದರೆ ಒಂದು ಚೆಕ್‌ಬಾಕ್ಸ್ ಇಡೋಣ' ಅಂತ ಮುಗಿಸಿದೆವು. ನಮ್ಮ ಜಗಳವನ್ನು ಬಳಕೆದಾರನ ತಲೆ ಮೇಲೆ ಹೊರಿಸಿದ್ದು ಅದು. ಯಾರೂ ಕೇಳಲಿಲ್ಲ, ಸಂಬಳವೂ ಬಂತು.

---

ಹಾಗಾದರೆ ಹೇಗಿರಬೇಕು? ನನಗೆ ತೋಚಿದ್ದು ಹೇಳ್ತೇನೆ.

ಎಕ್ಸ್‌ಪಿಯ ಆ ಕುಖ್ಯಾತ ಡಬ್ಬದಲ್ಲೇ ಒಂದು ಒಳ್ಳೇ ಅಂಶ ಇತ್ತು. ಮೊದಲ ಟ್ಯಾಬಿನಲ್ಲಿ 'ಸ್ಯಾಂಪಲ್ಸ್' ಅಂತ ಒಂದು ಭಾಗ. ನೀವು ಆರಿಸಿದ ಪ್ರದೇಶದಲ್ಲಿ ಸಂಖ್ಯೆ ಹೇಗೆ ಬರುತ್ತೆ, ಹಣ ಹೇಗೆ, ಸಮಯ ಹೇಗೆ, ತಾರೀಖು ಹೇಗೆ ಅಂತ ಅಲ್ಲೇ ಕಾಣಿಸ್ತಿತ್ತು. ಇಂಥ ಪುಟಕ್ಕೆ ಇದೇ ಜೀವ. ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. "5/6 ಅಂತ ಬರೆದರೆ ನಿಮಗೆ ಅದು ಜೂನ್ ಐದೋ, ಮೇ ಆರೋ?" ಅಂತ ನೇರವಾಗಿ ಕೇಳಲಿ. 'ರೀಜನಲ್ ಫಾರ್ಮ್ಯಾಟ್' ಅಂದರೆ ಏನು ಅಂತ ಅಪ್ಪಯ್ಯನಿಗೆ ಗೊತ್ತಿಲ್ಲ, ನನಗೂ ಪೂರ್ತಿ ಗೊತ್ತಿಲ್ಲ. ಈ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಹಾಗೇ, "ಒಂದು ಲಕ್ಷವನ್ನು 1,00,000 ಅಂತ ಬರೆಯುತ್ತೀರೋ 100,000 ಅಂತಲೋ?" ಅಡಿಕೆ ಪಟ್ಟಿ ಬರೆಯೋ ಯಾರನ್ನೇ ಕೇಳಿ, ಎರಡನೆಯದನ್ನು ಓದೋಕೆ ಸೊನ್ನೆ ಎಣಿಸಬೇಕು.

ಎರಡನೆಯದು, ಸಮಸ್ಯೆ ಎಲ್ಲಿ ಹುಟ್ಟುತ್ತೋ ಅಲ್ಲೇ ಸೆಟ್ಟಿಂಗ್ ಸಿಗಬೇಕು. ಟೈಮ್ ಝೋನ್ ಕೋಲ್ಕತಾ, ಪದ್ಧತಿ ಅಮೆರಿಕ, ಮತ್ತು ಒಬ್ಬ ಮನುಷ್ಯ ಸಾಲಾಗಿ 11/6, 12/6, 13/6 ಅಂತ ಹೊಡೆಯುತ್ತಿದ್ದಾನೆ. ಇದನ್ನು ಗುರುತಿಸೋದು ಕಷ್ಟದ ಕೆಲಸವಲ್ಲ. ಹದಿಮೂರು ಬಂದ ಕ್ಷಣ "ನೀವು ದಿನ ಮೊದಲು ಬರೆಯುತ್ತಿದ್ದೀರಾ?" ಅಂತ ಒಂದು ಸಾಲು ಕೇಳಿದ್ದರೆ ನಾಲ್ಕು ತಿಂಗಳ ಕೆಲಸ ಉಳೀತಿತ್ತು. ಇದು ನಮ್ಮ ಹಳ್ಳಿಯವರ ಗೋಳು ಮಾತ್ರ ಅಲ್ಲ. ಮನುಷ್ಯನ ಜೀನ್‌ಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದ್ದನ್ನು ಪ್ರಕಟಿಸಿತು. ಯಾಕೆ ಗೊತ್ತಾ? ಮಾರ್ಚ್1, ಸೆಪ್ಟ್1 ಅಂತ ಬರೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡ್ತಿತ್ತು. ವಿಜ್ಞಾನಿಗಳೇ ಸೋತು ಜೀನಿನ ಹೆಸರು ಬದಲಿಸಿದರು. ಆ ಪರಿವರ್ತನೆಯನ್ನು ನಿಲ್ಲಿಸೋ ಸೆಟ್ಟಿಂಗ್ ಎಕ್ಸೆಲಿಗೆ ಬಂದದ್ದು 2023ರಲ್ಲಿ. ಅಷ್ಟು ದೊಡ್ಡವರ ಗತಿಯೇ ಹೀಗಾದರೆ ನಮ್ಮ ಅಪ್ಪಯ್ಯನದ್ದೇನು.

ಮೂರನೆಯದು ನನಗೆ ಬಹಳ ಇಷ್ಟದ ವಿಚಾರ. ಪರದೆಯ ರೆಸಲ್ಯೂಶನ್ ಬದಲಾಯಿಸಿದಾಗ "ಹೀಗೇ ಇರಲಾ? 15 ಸೆಕೆಂಡಿನಲ್ಲಿ ಮೊದಲಿನಂತೆ ಆಗುತ್ತೆ" ಅಂತ ಬರುತ್ತಲ್ಲ? ಇಡೀ ಸೆಟ್ಟಿಂಗ್ಸ್ ಪ್ರಪಂಚದಲ್ಲೇ ಅತಿ ಒಳ್ಳೇ ವಿನ್ಯಾಸ ಅದು ಅಂತ ನನ್ನ ಅಭಿಪ್ರಾಯ. ಏನೂ ಗೊತ್ತಿಲ್ಲದೆ ಸುಮ್ಮನೆ ಕೂತರೂ ನೀವು ಬದುಕುತ್ತೀರಿ. ಅದನ್ನು ಬರೀ ಪರದೆಗೆ ಯಾಕೆ ಸೀಮಿತ ಮಾಡಿದರು? ಭಾಷೆಗೂ ಇರಲಿ, ಕೀಲಿಮಣೆಗೂ ಇರಲಿ. ಆಲ್ಟ್ ಮತ್ತು ಶಿಫ್ಟ್ ಗೊತ್ತಾಗದೆ ಒಟ್ಟಿಗೆ ತಾಗಿ ಕೀಲಿಮಣೆ ಕನ್ನಡಕ್ಕೆ ಹೋಗಿ, ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಂಡು, 'ಪಾಸ್‌ವರ್ಡ್ ತಪ್ಪು' ಅಂತ ಹತ್ತು ಸಲ ಬೈಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ ಇಲ್ಲ? ಅದರ ಜೊತೆಗೆ, ಇತ್ತೀಚೆಗೆ ಏನೇನು ಬದಲಾಯಿತು ಅಂತ ಒಂದು ಪಟ್ಟಿ. ಯಾವ ದಿನ, ಯಾವ ಸೆಟ್ಟಿಂಗ್, ಮೊದಲು ಏನಿತ್ತು, ಪಕ್ಕದಲ್ಲಿ 'ಮೊದಲಿನಂತೆ ಮಾಡು'. ಅಪ್ಪಯ್ಯನ ಪುಸ್ತಕದ ಷರಾದ ಹಾಗೆ. ಮನೆಗೆ ಬಂದ ಮಕ್ಕಳು ಏನೋ ಒತ್ತಿ ಹೋದರೆ ಅದು ಸಾಕು. ಕೋಡಿಗೆ ಗಿಟ್ ಇಟ್ಟುಕೊಂಡ ನಾವು ಸೆಟ್ಟಿಂಗ್ಸಿಗೆ ಯಾಕೆ ಇಡಲಿಲ್ಲವೋ.

ಇನ್ನು ಹುಡುಕಾಟ. ಈಗ ಎಲ್ಲರೂ ಪುಟದ ಮೇಲ್ಗಡೆ ಒಂದು ಸರ್ಚ್ ಡಬ್ಬ ಇಟ್ಟು ಕೈ ತೊಳೆದುಕೊಂಡಿದ್ದಾರೆ. ಕಾಡಿಗೆ ದಾರಿ ಮಾಡೋ ಬದಲು ಕೂಗಿ ಕರೆಯಿರಿ ಅಂದ ಹಾಗೆ. ಅದೂ ಪರವಾಗಿಲ್ಲ, ಕೂಗಿದರೆ ಓಗೊಟ್ಟರೆ ಸಾಕಿತ್ತು. ಕನ್ನಡ ಇಂಟರ್‌ಫೇಸಿನಲ್ಲಿ ಅಪ್ಪಯ್ಯ ಹುಡುಕೋದು 'ತಾರೀಖು'. ಅನುವಾದದಲ್ಲಿರೋದು 'ದಿನಾಂಕ'. ಫಲಿತಾಂಶ ಸೊನ್ನೆ.

ಇಲ್ಲಿ ಬೈಸಿಕೊಳ್ಳಬೇಕಾದವರು ನಾವೇ. ಅನುವಾದ ಮಾಡಿದವರ ಬಗ್ಗೆ ನನಗೆ ಗೌರವ ಇದೆ, ಸಂಬಳವಿಲ್ಲದೆ ರಾತ್ರಿ ಕೂತು ಸಾವಿರಾರು ಸಾಲು ಮಾಡಿದ್ದಾರೆ. ಆದರೆ ಗ್ನೋಮಿನ 'ಸಿದ್ಧತೆಗಳು' ನೋಡಿದಾಗೆಲ್ಲ ಯಾರದ್ದೋ ಮದುವೆ ನೆನಪಾಗುತ್ತೆ :-) ಫೈರ್‌ಫಾಕ್ಸಿನಲ್ಲಿ 'ಆದ್ಯತೆಗಳು', ಆಂಡ್ರಾಯ್ಡಿನಲ್ಲಿ 'ಸೆಟ್ಟಿಂಗ್‌ಗಳು'. ಒಂದೇ ವಸ್ತುವಿಗೆ ಮೂರು ಹೆಸರು. ಮೊಬೈಲಿನಿಂದಾಗಿ ಜನರ ಬಾಯಲ್ಲಿ ಸೆಟ್ಟಿಂಗ್ಸ್ ಅಂತಲೇ ನಿಂತಿದೆ, ಅದನ್ನೇ ಒಪ್ಪಿಕೊಳ್ಳೋಣ ಅನ್ನೋದು ನನ್ನ ಪಕ್ಷ. ಅಚ್ಚಗನ್ನಡದ ಗೆಳೆಯರಿಗೆ ಕೋಪ ಬರುತ್ತೆ, ಬರಲಿ. 'ತಾರೀಖು' ಕನ್ನಡ ಹೌದೋ ಅಲ್ಲವೋ ಅನ್ನೋ ಚರ್ಚೆಯನ್ನು ಹೊಸನಗರದ ಸಂತೆಯಲ್ಲಿ ಮಾಡಿ ನೋಡಿ.

ಆದರೆ ಹುಡುಕಾಟದ ವಿಷಯದಲ್ಲಿ ಪಕ್ಷ ಹಿಡಿಯೋ ಅಗತ್ಯವೇ ಇಲ್ಲ. ಲಿನಕ್ಸಿನಲ್ಲಿ ಪ್ರತಿ ಸೆಟ್ಟಿಂಗ್ಸ್ ಪುಟಕ್ಕೂ ಒಂದು ಡಾಟ್ ಡೆಸ್ಕ್‌ಟಾಪ್ ಫೈಲ್ ಇರುತ್ತೆ, ಅದರಲ್ಲಿ 'ಕೀವರ್ಡ್ಸ್' ಅಂತ ಒಂದು ಸಾಲು. ಹುಡುಕಾಟ ಆ ಸಾಲನ್ನೂ ನೋಡುತ್ತೆ. ಅದನ್ನು ಆಯಾ ಭಾಷೆಯ ಅನುವಾದಕರೇ ತುಂಬಿಸಬಹುದು, ಮೂಲದಲ್ಲಿ ಎಷ್ಟು ಪದ ಇವೆಯೋ ಅಷ್ಟೇ ಹಾಕಬೇಕು ಅಂತ ನಿಯಮವೂ ಇಲ್ಲ. ಪದಗಳ ನಡುವೆ ಅರ್ಧವಿರಾಮ ಹಾಕ್ತಾ ಹೋದರೆ ಆಯಿತು. ದಿನಾಂಕ, ತಾರೀಖು, ತಾರೀಕು, ಡೇಟ್, ಕ್ಯಾಲೆಂಡರ್. ಕೀಲಿಮಣೆಗೆ ಕೀಬೋರ್ಡ್, ಟೈಪಿಂಗ್, ಕಗಪ, ಕನ್ನಡ ಬರೆಯೋದು. ಯಾವ ಪದ ಶುದ್ಧ ಅಂತ ಜಗಳ ಬೇಡ, ಪರದೆ ಮೇಲೆ ಯಾವುದೂ ಕಾಣಿಸೋದಿಲ್ಲ. ಜನ ಏನಂತ ಕೂಗ್ತಾರೋ ಅದಕ್ಕೆಲ್ಲ ಓಗೊಡಬೇಕು ಅಷ್ಟೇ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಗ್ನೋಮಿನ ಅನುವಾದದ ತಾಣಕ್ಕೆ 'ಡ್ಯಾಮ್ಡ್ ಲೈಸ್' ಅಂತ ಹೆಸರು (ಯಾಕೆ ಆ ಹೆಸರಿಟ್ಟರೋ!), ಅಲ್ಲಿ ಒಂದು ಖಾತೆ ಮಾಡಿಕೊಂಡು ಕನ್ನಡದ ಫೈಲ್ ಇಳಿಸಿಕೊಂಡರೆ ಒಂದು ಭಾನುವಾರ ಮಧ್ಯಾಹ್ನದ ಕೆಲಸ. ನಾನು ಕಂಟ್ರೋಲ್ ಸೆಂಟರಿನ ಕೀವರ್ಡ್ ಸಾಲುಗಳನ್ನು ಹಿಡಿದುಕೊಂಡಿದ್ದೇನೆ, ಅರ್ಧ ಆಗಿದೆ. ಕರಾವಳಿ ಕಡೆ, ಉತ್ತರ ಕರ್ನಾಟಕದ ಕಡೆ ಇವಕ್ಕೆಲ್ಲ ಏನಂತಾರೆ ಅಂತ ನನಗೆ ಗೊತ್ತಿಲ್ಲ, ನೀವು ಬರೆದು ಕಳಿಸಿದರೆ ಸೇರಿಸ್ತೇನೆ.

ಅಪ್ಪಯ್ಯನ ಫೈಲ್ ಸರಿಮಾಡಿಕೊಟ್ಟೆ. ಹಾರಿಹೋದ 44 ಸಾಲುಗಳ ದಿನ-ತಿಂಗಳು ಅದಲುಬದಲು ಮಾಡಿ, ಅಕ್ಷರವಾಗಿದ್ದ 74ನ್ನು ತಾರೀಖು ಮಾಡಿ, ಪುಸ್ತಕ ಪಕ್ಕದಲ್ಲಿಟ್ಟು ಒಂದೊಂದೇ ತಾಳೆ ನೋಡಿದೆವು. ಅವನು ಓದುತ್ತಾ ಹೋದ, ನಾನು ಟಿಕ್ ಹಾಕುತ್ತಾ ಹೋದೆ. ಪುಸ್ತಕದಲ್ಲಿ ಅವನು ತಾರೀಖನ್ನು ಬರೆದಿರೋದು "ಜೂ. 12" ಅಂತ. ತಿಂಗಳು ಮೊದಲು, ದಿನ ಆಮೇಲೆ! ತೋರಿಸಿದೆ. ಕನ್ನಡಕ ಏರಿಸಿ ಒಂದು ಕ್ಷಣ ನೋಡಿ, "ಅದು ಬೇರೆ, ಇದು ಬೇರೆ" ಅಂದ.

ಗ್ರಾಫ್ ಈಗ ಸರಿಯಾಗಿದೆ. ಮಳೆ ಜೂನಿನಿಂದ ಸೆಪ್ಟೆಂಬರಿನವರೆಗೇ ಬರುತ್ತೆ. ಆದರೆ ಬರೋ ಮಳೆಗಾಲಕ್ಕೆ ಕಂಪ್ಯೂಟರಿಗೆ ಹಾಕ್ತೀಯಾ ಅಂತ ಕೇಳಿದರೆ, "ನೋಡೋಣ, ನೀನು ಬಂದಾಗ ನೀನೇ ಹಾಕು" ಅಂದಿದ್ದಾನೆ.